ತಿಸೋನನ ಗೂಡು

ನನ್ನ ಗಂಡ ಸಿಕ್ಸ್ತೊ ಸುತ್ತಿಗೆ ಹಿಡಿದರೆ ಮೊಳೆಗಿಂತ ಅವನ ಹೆಬ್ಬೆರಳಿಗೇ ಹೆಚ್ಚು ಪೆಟ್ಟು. ಅಂಥವನು ಎದೆಯಲ್ಲಿ ಕೆಮ್ಮು ಕೂತ ವರ್ಷವೇ ಹಿತ್ತಲಲ್ಲಿ ಕುಯಿಗಳಿಗೆ, ಅಂದರೆ ನಮ್ಮ ಗಿನಿ ಇಲಿಗಳಿಗೆ, ಎರಡಂತಸ್ತಿನ ಗೂಡು ಕಟ್ಟಲು ಹೊರಟ. ಸಿಗ್ಸಿಗ್ ಊರಿನ ನಮ್ಮ ಬೀದಿಯಲ್ಲಿ ಎಲ್ಲರ ಕುಯಿಗಳೂ ಒಲೆಯ ಪಕ್ಕದಲ್ಲೇ ಓಡಾಡಿಕೊಂಡು, ಸಿಪ್ಪೆ ತಿಂದುಕೊಂಡು, ಹಬ್ಬ ಬಂದಾಗ ತಟ್ಟೆಗೆ ಬರುತ್ತವೆ. ಬಾಲವಿಲ್ಲದ ಆ ಪ್ರಾಣಿಗೆ ಮಹಡಿ ಮನೆ ಬೇರೆ ಕೇಡು ಎಂದು ನಾನು ಹುಲ್ಲಿನ ಟೋಪಿ ಹೆಣೆಯುತ್ತ ಕೂತಲ್ಲಿಂದಲೇ ಅಣಕಿಸುತ್ತಿದ್ದೆ. ಮೇಲಂತಸ್ತು ಹೇಗೋ ಮುಗಿಯಿತು. ಕೆಳಗಿನದಕ್ಕೆ ಬಾಗಿಲೊಂದು ಕೂತು, ಕೆಲಸ ಅಲ್ಲಿಗೇ ನಿಂತಿತು.

ಕುಯಿಗಳಲ್ಲಿ ಅಚ್ಚ ಬಿಳಿಯದು ಒಂದಿತ್ತು. ಕಪ್ಪನೆಯದೂ ಒಂದೇ, ತಿಸೋನ್. ಸಿಕ್ಸ್ತೊನ ಹೆಜ್ಜೆ ಸಪ್ಪಳ ಕೇಳಿದರೆ ಸಿಳ್ಳೆ ಹಾಕುತ್ತಿತ್ತು, ನಾನು ಬಂದರೆ ಮೂಲೆ ಸೇರುತ್ತಿತ್ತು. ನಮಗೆ ಮಕ್ಕಳಿರಲಿಲ್ಲ. ಅವನ ಮುದ್ದೆಲ್ಲ ಅದಕ್ಕೇ.

ಕೆಮ್ಮು ಆಸ್ಪತ್ರೆಯ ಔಷಧಿಗೂ ಬಗ್ಗದಿದ್ದಾಗ ನಾನು ನಾಟಿ ಮದ್ದಿನ ತ್ರಾನ್ಸಿತೊ ಅಜ್ಜಿಯನ್ನು ಕರೆಸುವುದೆಂದು ಹಟ ಹಿಡಿದೆ. ಅವಳು ಜೀವಂತ ಕುಯಿಯನ್ನು ರೋಗಿಯ ಮೈತುಂಬ ಉಜ್ಜುತ್ತಾಳೆ. ರೋಗ ಅದಕ್ಕೆ ಇಳಿದು ಅದು ಸಾಯುತ್ತದೆ. ಕುಯಿ ಮಾತ್ರ ಕಪ್ಪಗಿರಬೇಕು.

"ಬಿಳೀದು ತಗೊಂಡ್ ಹೋಗೇ ಸೊಯ್ಲಾ. ತಿಸೋನನ್ನ ಮುಟ್ಟಬೇಡ."

"ಬಿಳೀದಕ್ಕೆ ರೋಗ ಇಳಿಯಲ್ಲ ಅಂತ ನಿನಗೂ ಗೊತ್ತು. ನಿನಗೆ ಅದು ಬೇಕೋ, ನಾನು ಬೇಕೋ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ನಾನು ಅತ್ತೆ, ಬೈದೆ, ಮಾತು ಬಿಟ್ಟೆ. ಕೊನೆಗೊಂದು ದಿನ ಸಂತೆಯಿಂದ ಬಂದು ನೋಡಿದರೆ, ಕಪ್ಪು ಕುಯಿಯನ್ನು ಚೀಲದಲ್ಲಿ ಹಾಕಿಕೊಂಡು ಅವನೇ ಮಂಚದ ಮೇಲೆ ಕೂತಿದ್ದ. ಅಜ್ಜಿಯನ್ನು ಕರೆಸು ಎಂದ. ಅಂತೂ ನಾನೇ ಗೆದ್ದೆ ಎಂದು ಹಿಗ್ಗಿದೆ.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಜ್ಜಿ ಕಬ್ಬಿನ ಸಾರಾಯಿಯನ್ನು ಬಾಯಿತುಂಬ ತೆಗೆದುಕೊಂಡು ಅವನ ಮೇಲೂ ಕುಯಿಯ ಮೇಲೂ ಉಗುಳಿ, ಅಂಗಿಯ ಮೇಲೆಯೇ ಉಜ್ಜಿದಳು. ಬಿಳಿ ಅಂಗಿಯ ಎದೆಯುದ್ದಕ್ಕೂ ಕಪ್ಪು ಗೆರೆಗಳೆದ್ದವು.

"ನೋಡಿದ್ಯಾ ಮಗಳೇ, ಒಳಗಿದ್ದ ಕರೀದೆಲ್ಲ ಹೊರಗೆ ಬರ್ತಿದೆ."

ಕುಯಿ ಅವಳ ಕೈಯಲ್ಲೇ ಸತ್ತಿತು. ಬಟ್ಟೆಯಲ್ಲಿ ಸುತ್ತಿ ಊರಾಚೆ ಹೂಳಲು ಒಯ್ದಳು. ನಾನು ಅವಳ ಕೈಗೆ ಮುತ್ತಿಟ್ಟೆ.

ಆಮೇಲೆ ಸಿಕ್ಸ್ತೊ ದಿನಾ ಸಂಜೆ ಪೋಂಚೊ ಕಂಬಳಿ ಹೊದ್ದುಕೊಂಡು, ಕೆಮ್ಮುತ್ತ ಹಿತ್ತಲಿಗೆ ಹೋಗುತ್ತಿದ್ದ. ಕೆಳಗಿನ ಗೂಡು ಮುಗಿಸಬೇಕಂತೆ. ಸುತ್ತಿಗೆಯ ಸದ್ದು ಕೇಳುತ್ತಿರಲಿಲ್ಲ. ತಿಸೋನನ್ನು ನೆನೆದು ಕೂರುತ್ತಾನೆಂದು ನಾನು ಅತ್ತ ಹೋಗಲಿಲ್ಲ. ಒಂದು ಬೆಳಿಗ್ಗೆ ಅವನು ಏಳಲೇ ಇಲ್ಲ.

ಮನೆ ತುಂಬ ಜನ, ಪ್ರಾರ್ಥನೆ, ಅಡುಗೆ. ನಡುವೆ ಹಿತ್ತಲಿನಿಂದ ಸಿಳ್ಳೆ ಕೇಳುತ್ತಲೇ ಇತ್ತು. ಆ ಕುಯಿಗಳಿಗೆ ಯಾರಾದರೂ ಒಂದಿಷ್ಟು ಹುಲ್ಲು ಎಸೆಯಿರಿ ಎಂದು ಸಿಡುಕಿದೆ. ಯಾರೋ ಮೇಲಂತಸ್ತಿಗೆ ಎಸೆದು ಬಂದರು. ಬಿಳಿಯದು ಅಲ್ಲಿಲ್ಲದ್ದನ್ನು ಆಮೇಲೆ ಕಂಡೆ. ಬಂದವರ ಅಡುಗೆಗೆ ಹೋಗಿರಬೇಕು ಎಂದುಕೊಂಡೆ.

ನಮ್ಮಲ್ಲಿ ಐದನೆಯ ದಿನ ಸತ್ತವರ ಬಟ್ಟೆಗಳನ್ನು ಹೊಳೆಯಲ್ಲಿ ಒಗೆಯಬೇಕು. ನಾದಿನಿ ಒಬ್ದೂಲಿಯಾ ಕಪ್ಪು ಗೆರೆಗಳ ಆ ಬಿಳಿ ಅಂಗಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಸೋತಳು.

"ಇದೇನತ್ತಿಗೆ, ನಮ್ಮಣ್ಣನ ರೋಗ ಬಟ್ಟೇನೂ ಬಿಡ್ತಿಲ್ವಲ್ಲ."

ಅವಳಿಂದ ಕಿತ್ತುಕೊಂಡು ನಾನೇ ಸೋಪು ಹಚ್ಚಿದೆ. ನೊರೆ ನೇರಳೆಯಾಯಿತು. ಆ ನೇರಳೆ ನನಗೆ ಗೊತ್ತು. ಕಪ್ಪು ಟೋಪಿಗೆ ಬಣ್ಣ ಕಟ್ಟಿದ ದಿನ ನನ್ನ ಕೈ ತೊಳೆದರೆ ಬರುವುದು ಅದೇ. ನಾನು ಸಂತೆಗೆ ಹೋದ ದಿನ ಒಲೆಯ ಹಿಂದೆ ಬಣ್ಣದ ಮಡಕೆ ಇತ್ತು. ಬಿಳಿ ಕುಯಿ ಎಲ್ಲಿ ಹೋಯಿತೆಂದು ಆಗ ಹೊಳೆಯಿತು.

ಅಂಗಿ ಹಿಡಿದುಕೊಂಡೇ ಮನೆಗೆ ಓಡಿದೆ. ಹಿಂದಿನ ಸಂಜೆಯಿಂದ ಸಿಳ್ಳೆ ನಿಂತಿದ್ದು ದಾರಿಯಲ್ಲಿ ನೆನಪಾಯಿತು. ಕೆಳಗಿನ ಗೂಡಿನ ಬಾಗಿಲು ತೆಗೆದೆ. ಒಂದು ಹುಲ್ಲೆಸಳೂ ಇರಲಿಲ್ಲ, ಹಲಗೆಯನ್ನೂ ಕಡಿದಿತ್ತು. ತಿಸೋನ್ ಬಾಗಿಲ ಸಂದಿಗೆ ಮೂತಿಯಿಟ್ಟು ಸತ್ತುಬಿದ್ದಿತ್ತು.

ನನಗೊಂದು ಮಾತು ಹೇಳಬಾರದಾಗಿತ್ತೇನೋ ಸಿಕ್ಸ್ತೊ? ನನ್ನ ಬಾಯಿಗೆ ಅಷ್ಟು ಹೆದರಿದ್ದೆಯಾ? ಅದು ಬೇಕೋ ನಾನು ಬೇಕೋ ಎಂದು ಕೇಳಿದ್ದೆ. ಅವನಿಗೆ ಇಬ್ಬರೂ ಬೇಕಾಗಿತ್ತು. ಆ ಒದ್ದೆ ಅಂಗಿಯಲ್ಲೇ ತಿಸೋನನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡೆ. ನನ್ನಿಂದ ಮೂಲೆಗೆ ಓಡದೆ ಅದು ಕೂತದ್ದು ಅದೇ ಮೊದಲು.