ರೊಟ್ಟಿ ಕೇಂದ್ರದ ಎಡದವಡೆ

ನಾನು ಹತ್ತು ಮಿಲಿಮೀಟರ್ ಉದ್ದದ ಟೈಟೇನಿಯಂ ತಿರುಪು. ಬಿದ್ದುಹೋದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲಿಗೆ ಬೇರಾಗಿ ನಿಲ್ಲುವುದು ನನ್ನ ಕೆಲಸ. ಕಾರ್ಖಾನೆಯ ಲೇತ್ ನನ್ನ ಮೈಗೆ ಸುತ್ತುಗಳನ್ನು ಕೊರೆಯಿತು. ಎಲುಬು ಹಿಡಿದುಕೊಳ್ಳಲೆಂದು ಆಮ್ಲದಿಂದ ಒರಟು ಮಾಡಿದರು. ಕೊನೆಗೆ ಗದಗಿನ ದಂತವೈದ್ಯೆ ರೇಷ್ಮಾ ಮುಲ್ಲಾ ಅವರ ಗಾಜಿನ ಕಪಾಟು ಸೇರಿದೆ.

ನೀಲಮ್ಮನನ್ನು ಕಂಡಿದ್ದು ಅಲ್ಲಿಂದಲೇ. ವಯಸ್ಸು ಐವತ್ಮೂರು, ಮುಟ್ಟು ನಿಂತು ಮೂರು ವರ್ಷ. ಹನ್ನೆರಡು ಹೆಂಗಸರ ಖಡಕ್ ರೊಟ್ಟಿ ಕೇಂದ್ರ ನಡೆಸುವಾಕೆ. ದಿನವೂ ಒಂದು ರೊಟ್ಟಿಯನ್ನು ಎಡದವಡೆಯಲ್ಲಿ ಕಡಿದು, ಸದ್ದು ಕೇಳಿಯೇ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಅಲ್ಲಿನ ಹಲ್ಲು ಬಿದ್ದುಹೋದ ಮೇಲೆ ಎರಡು ಸಲ ರೊಟ್ಟಿ ಬೂಸು ಹಿಡಿದು ಅಂಗಡಿಗಳಿಂದ ವಾಪಸು ಬಂದಿತ್ತು.

"ಬಲಗಡೆ ಕಡದ್ರ ಸಪ್ಪಳ ತಿಳ್ಯಂಗಿಲ್ರೀ. ಲಗೂನ ಹಲ್ಲು ಕೂಡಸ್ರಿ."

"ನೀಲಮ್ಮಾರ, ಈ ವಯಸ್ಸಿನಾಗ ಎಲುಬು ಸವೀತಾವ. ನಿಮ್ಮ ರಕ್ತದಾಗ ವಿಟಮಿನ್ ಡಿ ಭಾಳ ಕಡಿಮಿ ಐತಿ. ಮೊದಲ ಅದನ್ನ ಸರಿ ಮಾಡೋಣು," ಎಂದ ಡಾಕ್ಟರು ವಾರಕ್ಕೊಂದರಂತೆ ಎಂಟು ವಾರಕ್ಕೆ ಪುಡಿ ಬರೆದರು.

ಎಂಟು ವಾರದ ಬಳಿಕ ರಕ್ತ ಪರೀಕ್ಷೆಯಲ್ಲಿ ಹನ್ನೊಂದಿದ್ದ ವಿಟಮಿನ್ ಡಿ ಹದಿಮೂರಾಗಿತ್ತು, ಅಷ್ಟೇ. ನಾನು ಕಪಾಟಿನಲ್ಲೇ ಉಳಿದೆ.

"ಪುಡಿ ತಪ್ಪಿಸೀರೇನು?"

"ಒಂದ್ ವಾರನೂ ಇಲ್ರೀ. ಪ್ರತಿ ಸೋಮವಾರ ನೀರಾಗ ಕಲಸಿ ಕುಡದೀನಿ."

"ಸೋಮವಾರನ ಯಾಕ?"

"ಅವತ್ತ ನಂದು ಉಪವಾಸ. ಖಾಲಿ ಹೊಟ್ಟ್ಯಾಗ ಔಷಧ ಚೊಲೊ ನಾಟತೈತಲ್ರೀ!"

ಡಾಕ್ಟರು ನಕ್ಕುಬಿಟ್ಟರು. "ಇದಕ್ಕ ಜಿಡ್ಡು ಬೇಕವ್ವಾ. ಊಟದ ಜೋಡಿ ತಗೋಬೇಕು. ಹೇಳೂದು ನಾನ ಮರತೆ."

"ಹಂಗಾರ ತಪ್ಪು ನಂದೂ ಅಲ್ಲ, ಶಿವಂದೂ ಅಲ್ಲ. ನಿಮ್ದ ಅನ್ರಿ!"

ಪುಡಿ ರವಿವಾರದ ಎಣ್ಣೆಗಾಯಿ ಊಟಕ್ಕೆ ವರ್ಗವಾಯಿತು. ಮುಂದಿನ ಪರೀಕ್ಷೆಯಲ್ಲಿ ಮೂವತ್ತೆರಡು; ಅಷ್ಟು ಸಾಕೆಂದರು ಡಾಕ್ಟರು. ನನ್ನನ್ನು ದವಡೆಗೆ ತಿರುಗಿಸಿ ಕೂರಿಸಿದರು. ನಾಲ್ಕು ತಿಂಗಳು ಒಸಡಿನ ಕೆಳಗೆ ಅಲುಗಾಡದೆ ಮಲಗಿದೆ; ಎಲುಬು ನಿಧಾನವಾಗಿ ನನ್ನ ಸುತ್ತುಗಳೊಳಗೆ ಬೆಳೆಯಿತು. ವಿಟಮಿನ್ ಒಂದರಿಂದಲೇ ಹೀಗಾಯಿತೆಂದು ಹೇಳಲಾರೆ, ಡಾಕ್ಟರೂ ಹೇಳಲಿಲ್ಲ. ನೀಲಮ್ಮನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ತಂಬಾಕಿನ ಚಟವೂ ಇರಲಿಲ್ಲ; ಎಲುಬು ಕೂಡಲು ಅದೂ ನೆರವಾಗಿರಬೇಕು.

ನನ್ನ ಮೇಲೆ ಹಲ್ಲು ಕೂತು, ಗಟ್ಟಿ ಕಡಿಯಲು ಡಾಕ್ಟರು ಒಪ್ಪಿದ ಮರುದಿನ ಕೇಂದ್ರದಲ್ಲಿ ಹನ್ನೆರಡು ಜೋಡಿ ಕೈಗಳು ನಿಂತವು. ನೀಲಮ್ಮ ರೊಟ್ಟಿಯನ್ನು ಎಡಕ್ಕೆ ಇಟ್ಟು ಕಡಿದಳು. ನಾನು ಅಲುಗಲಿಲ್ಲ. ಅವಳು ಕಣ್ಣು ಮುಚ್ಚಿ ಆಲಿಸಿದಳು.

"ಹಸಿ ಐತಿ. ಎಲ್ಲಾ ಮತ್ತೊಮ್ಮಿ ಒಣಗಸ್ರಿ!"

"ಹಲ್ಲು ಬಂತಂತ ಪೇಢೆ ಕೊಡ್ತಿ ಅನ್ಕೊಂಡಿದ್ವಿ," ಎಂದಳು ಹಿರಿಯ ಕೆಲಸಗಾರ್ತಿ ಕಸ್ತೂರೆವ್ವ, "ಕೆಲಸ ಕೊಟ್ಟ್ಯಲ್ಲ ನಮ್ಮವ್ವಾ!"

ಅದಾಗಿ ಆರು ವರ್ಷ. ನನ್ನ ಮೂಲೆ ಕತ್ತಲು, ನೆರೆಯ ಹಲ್ಲುಗಳೂ ಹಳೆಯವು. ಎಲುಬು ನನ್ನನ್ನು ಹಿಡಿದಿದೆಯೋ, ನಾನು ಎಲುಬನ್ನೋ, ಈಗ ಬೇರೆ ಮಾಡಿ ಹೇಳಲು ಬರುವುದಿಲ್ಲ.