ಒಂದು ಗೇಣು ಮುಂದಕ್ಕೆ

ಹಾಸಿಗೆ ಹೊಲಿಯುವವನು ತನ್ನ ಪಿಕಪ್ಪಿಗೆ ತಾನೇ ಗ್ರೀಸ್ ಹೊಡೆಯಲು ಹೊರಟಿದ್ದು ಹೆಂಡತಿಯ ಮುಂದೆ ಬಾಯಿ ಜಾರಿದ್ದರಿಂದ. ಗಿರಾಕಿಗಳ ಮನೆಗೆ ಹಾಸಿಗೆ ಸಾಗಿಸುವ ಆ ಹಳೇ ಗಾಡಿ ಕೆಲವು ದಿನಗಳಿಂದ ಕಿರುಗುಟ್ಟುತ್ತಿತ್ತು. "ಮೆಕ್ಯಾನಿಕ್ ಹತ್ರ ಬಿಡಬಾರ್ದಾ?" ಎಂದು ಅವಳು ಕೇಳಿದ್ದಕ್ಕೆ, "ಅದೇನು ಮಹಾ ಬ್ರಹ್ಮವಿದ್ಯೆ?" ಎಂದುಬಿಟ್ಟ. ಅಂದ ಮರುಕ್ಷಣವೇ ತನ್ನ ನಾಲಿಗೆಯ ಮೇಲೆ ತನಗೇ ಸಿಟ್ಟು ಬಂತು.

ರಜೆಯ ದಿನ ಮನೆ ಮುಂದೆಯೇ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಹರಿದ ಹಾಸಿಗೆಬಟ್ಟೆ ಹಾಸಿಕೊಂಡು ಗಾಡಿಯಡಿಗೆ ತೆವಳಿದ. ಗ್ರೀಸ್ ಹಿಡಿಸುವಲ್ಲೆಲ್ಲ ಗುಂಡುತಲೆಯ ಪುಟ್ಟ ನಿಪ್ಪಲ್ ಇರುತ್ತದೆ, ಗ್ರೀಸ್ ಗನ್ನಿನ ಮೂತಿಯನ್ನು ಅದಕ್ಕೆ ಕಚ್ಚಿಸಿ ಒತ್ತಬೇಕು ಎಂಬುದಷ್ಟೇ ಅವನ ಪಾಂಡಿತ್ಯ. ಅಡಿಯಲ್ಲಿ ಕಂಡದ್ದೆಲ್ಲ ಒಣಗಿದ ಕೆಸರು. ಒಂದು ಸಿಕ್ಕಿತೆಂದು ಹಿಗ್ಗಿ ಒತ್ತಿದ್ದೇ ಒತ್ತಿದ್ದು. ಗ್ರೀಸೆಲ್ಲ ಮೊಣಕೈಗೆ ಇಳಿಯಿತು. ಒರೆಸಿ ನೋಡಿದರೆ ಅದು ಬೋಲ್ಟಿನ ತಲೆ.

"ಏನ್ರೀ, ಹಿಡೀತಾ?" ಹೊರಗಿನಿಂದ ಹೆಂಡತಿ ಕೇಳಿದಳು.

"ಹಿಡೀತಾ ಇದೆ" ಎಂದ. ಹಿಡಿದಿದ್ದು ಅವನ ಕತ್ತು.

ಆಮೇಲೆ ಬುದ್ಧಿ ಬಂದು, ಮೊದಲು ಒರೆಸಿ ಆಮೇಲೆ ಹುಡುಕತೊಡಗಿದ. ಮುಂದಿನ ಚಕ್ರಗಳ ಹಿಂದಿನವು, ಗಾಡಿಯ ಭಾರ ಹೊರುವ ಕಮಾನುಪಟ್ಟಿಗಳ ತುದಿಯವು ಒಂದೊಂದಾಗಿ ಸಿಕ್ಕವು. ಕಪ್ಪು ಗ್ರೀಸ್ ಹೊರಬಿದ್ದು ಹೊಸದು ಇಣುಕಿದಾಗ ತಾನೇ ಗಾಡಿ ಕಂಡುಹಿಡಿದವನಂತೆ ಬೀಗಿದ. ಉಳಿದದ್ದು ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟಿನ ಜಾಯಿಂಟ್. ಅದರ ನಿಪ್ಪಲ್ ಮೇಲ್ಮುಖವಾಗಿ ಕೂತಿತ್ತು. ಗನ್ ಅಲ್ಲಿಗೆ ತೂರುತ್ತಿರಲಿಲ್ಲ. ಗಾಡಿ ಒಂದು ಗೇಣು ಮುಂದೆ ಹೋದರೆ ಶಾಫ್ಟ್ ತಿರುಗಿ ಅದು ಕೆಳಗೆ ಬರುತ್ತದೆ ಎಂದು ಅಂದಾಜು ಮಾಡಿದ.

ಇಟ್ಟಿಗೆ ತೆಗೆದು, ನ್ಯೂಟ್ರಲ್ ಮಾಡಿ, ಗಂಡಹೆಂಡಿರು ಹಿಂದಿನಿಂದ ಕೈ ಕೊಟ್ಟರು. ಎದುರುಮನೆಯ ದರ್ಜಿಯ ಕಣ್ಣಿಗೆ ಅದು ಬಿತ್ತು.

"ಸ್ಟಾರ್ಟ್ ಆಗ್ತಿಲ್ವಾ? ತಡೀರಿ, ಬಂದೆ."

ದರ್ಜಿಯ ಹಿಂದೆ ಅವನ ಭಾವ, ಭಾವನ ಹಿಂದೆ ಪಕ್ಕದ ಮನೆಯ ಮೇಷ್ಟ್ರು.

"ಅಲ್ಲ, ಒಂದೇ ಒಂದು ಗೇಣು..." ಎಂದು ಹಾಸಿಗೆಯವನು ತೊದಲಿದ.

"ಗೇಣಿನಲ್ಲಿ ಏನಾಗುತ್ತೆ ಮಾರಾಯ್ರೇ? ನೀವು ಹೋಗಿ ಸ್ಟೇರಿಂಗ್ ಹಿಡೀರಿ" ಎಂದರು ಮೇಷ್ಟ್ರು.

ಅವನು ಹೋಗಿ ಹಿಡಿದ. ಹೆಂಡತಿ ಗ್ರೀಸ್ ಗನ್ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಹಿಂದೆ ಬಂದಳು. ಗಾಡಿ ಬೀದಿ ತುದಿ ಮುಟ್ಟಿತು. ಹಾಸಿಗೆಯವನು ಕೀಲಿ ತಿರುಗಿಸಿದ, ಏನೂ ಆಗಿರದ ಇಂಜಿನ್ ತಕ್ಷಣ ಗುರುಗುಟ್ಟಿತು.

"ನೋಡಿದ್ರಾ?" ಎಂದ ದರ್ಜಿ, ಬೆವರು ಒರೆಸಿಕೊಳ್ಳುತ್ತಾ.

"ನಿಮ್ಮ ಉಪಕಾರ ಮರೆಯೋದಿಲ್ಲ" ಎಂದ ಹಾಸಿಗೆಯವನು.

ಅವರೆಲ್ಲ ಹೋದ ಮೇಲೆ ಇಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಬಗ್ಗಿ ನೋಡಿದ. ನಿಪ್ಪಲ್ ಪಕ್ಕಕ್ಕೆ ತಿರುಗಿತ್ತು. ಗನ್ ಹೇಗೋ ಕಚ್ಚಿತು. ಮನೆಗೆ ವಾಪಸ್ಸಾಗುವಾಗ ಕಿರುಗುಟ್ಟುವ ಸದ್ದಿರಲಿಲ್ಲ.

"ಅವರಿಗೆ ಯಾಕ್ರೀ ಹೇಳ್ಲಿಲ್ಲ?" ಹೆಂಡತಿ ಕೇಳಿದಳು.

"ಅಷ್ಟು ಖುಷಿಯಾಗಿ ತಳ್ತಿದ್ರು. ಮನಸ್ಸು ಬರ್ಲಿಲ್ಲ ಕಣೇ."

ನಿಜ ಬೇರೆಯೇ ಇತ್ತು. ಹೇಳಿದ್ದರೆ ಮೇಷ್ಟ್ರು ಆ ಜಾಯಿಂಟ್ ಅಂದರೇನು ಎಂದು ಕೇಳುತ್ತಿದ್ದರು, ಅದು ಅವನಿಗೂ ಅಷ್ಟಾಗಿ ಗೊತ್ತಿರಲಿಲ್ಲ.

ಮಾರನೆಯ ದಿನ ಹಾಸಿಗೆ ಹೇರಿಕೊಂಡು ಸೀಟಿನಲ್ಲಿ ಕೂತು ಕನ್ನಡಿ ನೋಡಿದರೆ, ದರ್ಜಿ ಮತ್ತು ಭಾವ ಅಂಗಿಯ ತೋಳು ಮಡಚಿ ಗಾಡಿಗೆ ಕೈ ಕೊಟ್ಟು ನಿಂತಿದ್ದರು. ಹಾಸಿಗೆಯವನು ಕೀಲಿಯಿಂದ ಕೈ ತೆಗೆದ. ಕಿಟಕಿಯಿಂದ ತಲೆ ಹೊರಹಾಕಿ, "ಹೂಂ, ತಳ್ಳಿ" ಎಂದ.