ಕಣಿವೆ ಮುಚ್ಚುವ ಹೊತ್ತು

"ಇದರಲ್ಲಿ ಏನಿದೆ ಹೇಳಿ ನೋಡೋಣ," ಎಂದಳು ಹವಾಮಾನ ಕಚೇರಿಯ ಅಕ್ಕ. ನಾಲ್ಕು ಹಾಳೆಯ ವರದಿಯ ಮೇಲೆ ಕಣ್ಣೂ ಹಾಯಿಸದೆ ಸಹಿ ಗೀಚಿದ್ದ ಪೈಲಟ್ ತಲೆ ಕೆರೆದುಕೊಂಡ.

"ಸುಳ್ಳು ಯಾಕೆ ಹೇಳ್ಲಿ ಅಕ್ಕ, ನಾನು ಓದಲ್ಲ. ಕಿಟಕಿಯಿಂದ ಬೆಟ್ಟ ನೋಡ್ತೀನಿ, ಹೊರಡ್ತೀನಿ."

ಅಕ್ಕನ ಮುಖ ಸಪ್ಪಗಾಯಿತು. ಹತ್ತೊಂಬತ್ತು ವರ್ಷ ನಸುಕಿಗೇ ಎದ್ದು ಗಾಳಿ, ಮೋಡ ಅಳೆದು ಬರೆದದ್ದೆಲ್ಲ ಯಾರೂ ಓದದ ಕಾಗದವೇ? ಪೈಲಟ್‌ಗೂ ಕಸಿವಿಸಿ. ಪಕ್ಕದ ಸೀಟು ಖಾಲಿಯಿದೆ, ಒಮ್ಮೆ ಬಂದು ನೋಡಿ ಎಂದ. ಇಷ್ಟು ವರ್ಷ ಆಕಾಶದ ಸಮಾಚಾರ ಬರೆದವಳು ಒಮ್ಮೆಯೂ ವಿಮಾನ ಹತ್ತಿರಲಿಲ್ಲ.

ಮರುದಿನ ಹತ್ತಿದಳು. ಪುಟ್ಟ ವಿಮಾನ ಹಳೇ ಬಸ್ಸಿನ ಹಾಗೆ ಕುಲುಕಿತು. ಪೈಲಟ್‌ನ ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ರೇಡಿಯೋ ಮೇಲೆ, ಕಣ್ಣು ಹೊರಗೆ. ಅಕ್ಕ ತನ್ನದೇ ವರದಿ ತೆಗೆದು ಕಣಿವೆಯ ಮಂಜಿನ ವಿಷಯ ಹುಡುಕಿದಳು. ಅದು ಮೂರನೇ ಹಾಳೆಯ ತಳದಲ್ಲಿ, ಸಂಕೇತಗಳ ನಡುವೆ ಅಡಗಿತ್ತು. ಸಿಗುವಷ್ಟರಲ್ಲಿ ವಿಮಾನ ಕಣಿವೆ ದಾಟಿಯಾಗಿತ್ತು. ಅವಳಿಗೇ ನಗು ಬಂತು.

ಆಮೇಲೆ ಒಂದು ತಿಂಗಳು ಅವಳು ಮೇಲಧಿಕಾರಿಯ ಬೆನ್ನು ಬಿಡಲಿಲ್ಲ. ನಿಯಮದ ವರದಿ ಇದ್ದ ಹಾಗೇ ಇರಲಿ, ಮೇಲೊಂದು ಹಾಳೆ ಸೇರಿಸುತ್ತೇನೆ ಎಂದಳು. ದಪ್ಪ ಅಕ್ಷರ, ದಾರಿಯಲ್ಲಿ ಸಿಗುವ ಕ್ರಮದಲ್ಲೇ ಮೊದಲು ಕೆರೆ, ಆಮೇಲೆ ಕಣಿವೆ, ಆಮೇಲೆ ಆಚೆಯ ಊರು. ಮೇಲಧಿಕಾರಿ ಹೂಂ ಅಂದದ್ದು ಒಪ್ಪಿ ಅಲ್ಲ, ಅವಳ ಕಾಟ ತಾಳಲಾರದೆ.

ಒಂದು ಬೆಳಿಗ್ಗೆ ಹೀಗೆ ಬರೆದಳು: ಹತ್ತರ ಸುಮಾರಿಗೆ ಮೋಡ ಇಳಿದು ಕಣಿವೆ ಮುಚ್ಚುತ್ತದೆ, ಕೆರೆಯ ಮೇಲಿಂದ ಬೆಟ್ಟದ ತುದಿ ಕಾಣದಿದ್ದರೆ ವಾಪಸ್ಸಾಗಿ. ಇಲ್ಲಿ ನಿಲ್ದಾಣದಲ್ಲಿ ಮಾತ್ರ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮುಚ್ಚುವುದರೊಳಗೆ ದಾಟಿಬಿಡೋಣವೆಂದು ಪೈಲಟ್ ಒಂಬತ್ತೂವರೆಗೆ ಐದು ಜನರನ್ನು ಹತ್ತಿಸಿಕೊಂಡು ಹೊರಟ. ಇಪ್ಪತ್ತೇ ನಿಮಿಷಕ್ಕೆ ವಾಪಸ್ ಇಳಿದು ನೇರ ಅವಳ ಮೇಜಿಗೆ ಬಂದ.

"ನೀವು ಹೇಳಿದ್ದಕ್ಕಿಂತ ಬೇಗ ಮುಚ್ಚಿದೆ ಅಕ್ಕ. ಮೋಡ ಬೆಟ್ಟದ ಸೊಂಟದವರೆಗೂ ಇಳಿದಿದೆ. ಬರ್ಕೊಳ್ಳಿ, ಇನ್ನೊಬ್ಬ ಹೊರಡ್ತಿದ್ದಾನೆ."

ಪೈಲಟ್ ಒಬ್ಬ ತಾನಾಗಿ ಬಂದು ಆಕಾಶದ ಸುದ್ದಿ ಕೊಟ್ಟದ್ದು ಅದೇ ಮೊದಲು. ಅವಳು ಸಾಲು ತಿದ್ದಿ, ಹಾಳೆ ಹಿಡಿದು ಓಡಿದಳು. ಹೊರಟು ನಿಂತಿದ್ದವನು ಓದಿ, ಎಂಜಿನ್ ಆರಿಸಿದ.

ಹಿಂದಿರುಗುವಾಗ ನೋಡಿದರೆ, ಐವರು ಪ್ರಯಾಣಿಕರು ಹುಲ್ಲಿನ ಮೇಲೆ ಚೀಲಕ್ಕೆ ಒರಗಿ ಕೂತು, ಇಷ್ಟು ಒಳ್ಳೇ ಬಿಸಿಲಿರುವಾಗ ವಾಪಸ್ ತಂದನಲ್ಲ ಎಂದು ಗೊಣಗುತ್ತಿದ್ದರು. ಅವರಲ್ಲೊಬ್ಬ ಅಜ್ಜಿ ಚಪ್ಪಲಿ ಬಿಟ್ಟು, ಕಾಲು ಚಾಚಿ, ಕಿತ್ತಳೆ ಸುಲಿದು ಹಂಚುತ್ತಿದ್ದಳು. ಹಾದುಹೋಗುತ್ತಿದ್ದ ಅಕ್ಕನ ಕೈಗೂ ಎರಡು ತೊಳೆ ಇಟ್ಟಳು.